ಗಂಡನಿಗೆ ಓದಿ ಹೇಳಲು ಅಕ್ಷರ ಕಲಿತ ಅಮ್ಮಾಜಮ್ಮ

ಅಮ್ಮಾಜಮ್ಮನಿಗೆ ಓದು ಬರುತ್ತಿರಲಿಲ್ಲ. ಅದಕ್ಕಾಗಿ ಅವಳು ಯಾವತ್ತೂ ಕೊರಗಿದವಳೂ ಅಲ್ಲ. ಓದುವುದಕ್ಕೆ ಮನೆಯಲ್ಲಿ ಮುನಿಶಾಮಪ್ಪ ಇದ್ದ. ಬಸ್ಸಿನ ಬೋರ್ಡು, ಕರೆಂಟ್ ಬಿಲ್ಲು, ಔಷಧದ ಚೀಟಿ, ಎಲ್ಲವೂ ಗಂಡನ ಬಾಯಿಂದಲೇ ಅವಳ ಕಿವಿಗೆ ಬರುತ್ತಿದ್ದವು. ಅವನು ಗಾರೆ ಕೆಲಸದವನು. ಓದಿದ್ದು ಏಳನೇ ತರಗತಿಯವರೆಗೆ ಮಾತ್ರ, ಆದರೆ ದನಿ ಮಾತ್ರ ಬಲು ಚೆನ್ನಾಗಿತ್ತು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಗಿಲ ಹತ್ತಿರ ಕೂತು, ದಪ್ಪ ಪುಸ್ತಕವೊಂದನ್ನು ತೆರೆದು ದೇವರ ವಾಕ್ಯವನ್ನು ಗಟ್ಟಿಯಾಗಿ ಓದುತ್ತಿದ್ದ. ಅವಳು ಒಲೆಯ ಮುಂದೆ ರಾಗಿ ಮುದ್ದೆ ತೊಳಸುತ್ತಲೇ ಕೇಳುತ್ತಿದ್ದಳು. ಭಾನುವಾರ ಶಿಡ್ಲಘಟ್ಟದ ಅಂಚಿನಲ್ಲಿದ್ದ ಶೀಟಿನ ಚಾವಣಿಯ ಪ್ರಾರ್ಥನಾಲಯದಲ್ಲಿ ಇಪ್ಪತ್ತು ಇಪ್ಪತ್ತೈದು ಮನೆಯವರು ಸೇರುತ್ತಿದ್ದರು. ಅಲ್ಲೂ ವಾಕ್ಯ ಓದುವ ಕೆಲಸ ಅವನದೇ.

ಅಮ್ಮಾಜಮ್ಮ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಇಪ್ಪತ್ತೆರಡು ವರ್ಷದಿಂದ ದುಡಿಯುತ್ತಿದ್ದಳು. ಬೆಂದ ಗೂಡುಗಳು ಬಿಸಿನೀರಿನಲ್ಲಿ ತೇಲುತ್ತಿರುತ್ತವೆ. ಅವುಗಳ ಎಳೆ ಹುಡುಕಿ ಯಂತ್ರಕ್ಕೆ ಕೊಡಬೇಕು. ದಿನವೆಲ್ಲ ನೀರಿನಲ್ಲಿದ್ದು ಬೆರಳ ತುದಿ ಬೆಳ್ಳಗೆ ಸುಕ್ಕಾಗಿರುತ್ತಿತ್ತು. ಮಗಳು ರೂಪ ಮದುವೆಯಾಗಿ ಗೌರಿಬಿದನೂರಿನಲ್ಲಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆ, ಆದರೂ ಮಾತಿಗೇನೂ ಬರ ಇರಲಿಲ್ಲ.

ಆ ವರ್ಷ ಯುಗಾದಿಗೆ ಒಂದು ವಾರ ಇರುವಾಗ ಮುನಿಶಾಮಪ್ಪ ಮಂಡಿಕಲ್ಲಿನಲ್ಲಿ ಯಾರದೋ ಹೊಸ ಮನೆಯ ಗೋಡೆಗೆ ಗಾರೆ ಮೆತ್ತುತ್ತಿದ್ದವನು ಹಾಗೇ ಕುಸಿದು ಕೂತ. ಜೊತೆಯವರು ಕಾರಿನಲ್ಲಿ ಹಾಕಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಓಡಿದರು. ಅಮ್ಮಾಜಮ್ಮ ಬರುವಷ್ಟರಲ್ಲಿ ಬಲಗೈ, ಬಲಗಾಲು ಬಿದ್ದುಹೋಗಿದ್ದವು. ಬಾಯಿ ಒಂದು ಕಡೆಗೆ ಎಳೆದಿತ್ತು. ಅವಳನ್ನು ನೋಡಿ ಏನೋ ಹೇಳಲು ಹೋದ. ಬಂದದ್ದು "ಆಂ" ಎನ್ನುವ ಸದ್ದು ಮಾತ್ರ.

"ಲಕ್ವ ಹೊಡೆದಿದೆಯಮ್ಮ" ಎಂದರು ಡಾಕ್ಟರು. "ಪ್ರಾಣಕ್ಕೆ ಭಯ ಇಲ್ಲ. ನೀವು ಹೇಳೋದೆಲ್ಲ ಅವರಿಗೆ ಅರ್ಥ ಆಗುತ್ತೆ. ಮಾತು ಬರುತ್ತೋ ಇಲ್ವೋ ಈಗಲೇ ಹೇಳಕ್ಕಾಗಲ್ಲ. ನೀವಂತೂ ಮಾತಾಡ್ತಾ ಇರಿ."

ಮನೆಗೆ ಕರೆತಂದ ಮೇಲೂ ಅವಳು ಮಾತಾಡುತ್ತಲೇ ಇದ್ದಳು. ಬೆಳಿಗ್ಗೆ ಮೈ ಒರೆಸಿ, ಗಂಜಿ ಕುಡಿಸಿ, ಪಕ್ಕದ ಮನೆಯವರಿಗೆ ನೋಡಿಕೊಳ್ಳಲು ಹೇಳಿ ಕೆಲಸಕ್ಕೆ ಓಡುತ್ತಿದ್ದಳು. ಮಧ್ಯಾಹ್ನ ಬಂದು ಊಟ ಮಾಡಿಸಿ ಮತ್ತೆ ಹೋಗುತ್ತಿದ್ದಳು. ಘಟಕದ ಜೊತೆಗಾತಿಯೊಬ್ಬಳು ಮುರುಗಮಲ್ಲದ ದರ್ಗಾದಿಂದ ಸಕ್ಕರೆ ತಂದು, "ನಿಮ್ಮೋರಿಗೋಸ್ಕರ ಬೇಡ್ಕೊಂಡು ಬಂದೆ ಕಣಕ್ಕ" ಎಂದಾಗ ಅಮ್ಮಾಜಮ್ಮ ಅವಳ ಕೈ ಹಿಡಿದುಕೊಂಡು ಅತ್ತಿದ್ದಳು. ಎಲ್ಲರೂ ಹಾಗೆ ಇರಲಿಲ್ಲ. ಸಭೆಯ ಹಿರಿಯಳು ಪೆದ್ದಮ್ಮ ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಎಲ್ಲರ ಮುಂದೆಯೇ ಹೇಳಿಬಿಟ್ಟಳು: "ನಂಬಿಕೆ ಗಟ್ಟಿ ಇದ್ದಿದ್ರೆ ಇಷ್ಟೊತ್ತಿಗೆ ಎದ್ದು ಓಡಾಡ್ಬೇಕಿತ್ತು. ಎಲ್ಲೋ ಕಡಿಮೆ ಬಿದ್ದಿದೆ. ನೋಡ್ಕೊ."

ಅಮ್ಮಾಜಮ್ಮ ಸೆರಗು ಹೊದ್ದುಕೊಂಡು ಮನೆಗೆ ಬಂದಳು. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದ್ದಕ್ಕೂ ಹೋಗಲಿಲ್ಲ. ಮನೆಯಲ್ಲಿ ಮೊಣಕಾಲೂರುವುದೂ ನಿಂತಿತು. ಏನೆಂದು ಕೇಳುವುದು? ಮೂರು ತಿಂಗಳು ಕೇಳಿದ್ದನ್ನೇ ಕೇಳಿ ಕೇಳಿ ಅವಳ ಬಾಯಿಯೂ ಒಣಗಿಹೋಗಿತ್ತು.

ಪಾಸ್ಟರ್ ರಮೇಶ್‌ಬಾಬು ಚಿಂತಾಮಣಿ ಕಡೆಯವರು, ನಲವತ್ತರ ಒಳಗಿನ ವಯಸ್ಸು. ಅವರು ಬೈಕಿನಲ್ಲಿ ಬಂದು ಹೋಗುತ್ತಿದ್ದುದು ಭಾನುವಾರ ಮಾತ್ರ. ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಅವರು ಹೇಳದೆ ಕೇಳದೆ ಮನೆಗೆ ಬಂದರು. ಯಾಕೆ ಸಭೆಗೆ ಬರಲಿಲ್ಲ ಎಂದು ಕೇಳಲಿಲ್ಲ. ಮುನಿಶಾಮಪ್ಪನ ಗಡ್ಡ ಬೆಳೆದದ್ದು ನೋಡಿ, ಬಿಸಿನೀರು ತರಿಸಿಕೊಂಡು, ತೋಳು ಮಡಚಿ, ಮಂಚದ ಅಂಚಿಗೆ ಕೂತು ಮೆಲ್ಲಗೆ ಕ್ಷೌರ ಮಾಡತೊಡಗಿದರು. ಅಮ್ಮಾಜಮ್ಮ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಎಷ್ಟೋ ದಿನದಿಂದ ಒಳಗೇ ಕುದಿಯುತ್ತಿದ್ದುದು ಆಗ ಹೊರಗೆ ಬಂತು.

"ಕೈಯೋ ಕಾಲೋ ಹೋಗ್ಲಿ ಅಯ್ಯ. ವಾಕ್ಯ ಓದೋ ನಾಲಿಗೇನೇ ಯಾಕೆ ಕಿತ್ಕೊಂಡ ಆ ನಿಮ್ಮ ದೇವ್ರು?"

ರಮೇಶ್‌ಬಾಬು ಕತ್ತಿ ನಿಲ್ಲಿಸಿದರು. "ತೆಲೀದಮ್ಮಾ" ಎಂದರು ತಮ್ಮ ಮನೆಮಾತು ತೆಲುಗಿನಲ್ಲಿ. "ನಂಗೊತ್ತಿಲ್ಲ. ಗೊತ್ತಿದೆ ಅಂದ್ರೆ ಸುಳ್ಳು ಹೇಳ್ದಂಗೆ."

"ನಾನು ಪ್ರಾರ್ಥನೆ ಬಿಟ್ಟು ಎರಡು ತಿಂಗಳಾಯ್ತು."

"ಬೈಬೇಕು ಅನ್ಸಿದ್ರೆ ಬೈಯಮ್ಮ. ಆದ್ರೆ ಆ ದೇವ್ರನ್ನೇ ಬೈಯಿ. ಮುಖ ತಿರುಗಿಸ್ಕೊಂಡು ಕೂರ್ಬೇಡ. ನೀನು ಬೈದಿದ್ದಕ್ಕೆ ಅವನೇನೂ ಎದ್ದು ಹೋಗಲ್ಲ. ನಂಬಿಕೆ ಇಲ್ದೋರು ಯಾರನ್ನ ಬೈತಾರೆ ಹೇಳು?"

ಕ್ಷೌರ ಮುಗಿಸಿ, ಮುನಿಶಾಮಪ್ಪನ ಮುಖ ಒರೆಸಿ, ಹಣೆ ಮುಟ್ಟಿ, ಅವರು ಹೊರಟುಹೋದರು. ಆ ದಿನ ಸಂಜೆ ಅಮ್ಮಾಜಮ್ಮ ಪಾತ್ರೆ ಉಜ್ಜುತ್ತಾ ಉಜ್ಜುತ್ತಾ ದೇವರನ್ನು ಚೆನ್ನಾಗಿ ಬೈದಳು. ಬೈದು ಮುಗಿಸಿ ನೋಡಿದರೆ ಎದೆ ಸ್ವಲ್ಪ ಹಗುರವಾಗಿತ್ತು.

ಮುನಿಶಾಮಪ್ಪನಿಗೆ ಒಂದು ಅಭ್ಯಾಸ ಉಳಿದಿತ್ತು. ದಿನಾ ಬೆಳಿಗ್ಗೆ ಎಡಗೈಯಲ್ಲಿ ಆ ದಪ್ಪ ಪುಸ್ತಕವನ್ನು ಎಳೆದು ತೊಡೆಯ ಮೇಲಿಟ್ಟುಕೊಂಡು ತೆರೆಯುತ್ತಿದ್ದ. ಬಾಯಿ ಆಡಿಸುತ್ತಿದ್ದ. ಅಕ್ಷರಗಳು ಅವನಿಗೆ ಗುರುತು ಸಿಗುತ್ತಿರಲಿಲ್ಲ ಎಂದು ಕಾಣುತ್ತದೆ. ಸ್ವಲ್ಪ ಹೊತ್ತು ನೋಡಿ, ಪುಸ್ತಕವನ್ನು ಅವಳ ಕಡೆಗೆ ತಳ್ಳುತ್ತಿದ್ದ. ಅವಳು ತಲೆ ತಗ್ಗಿಸುತ್ತಿದ್ದಳು.

ರೂಪ ರಜೆಗೆ ಬಂದಾಗ ಮೊಬೈಲಿನಲ್ಲಿ ವಾಕ್ಯ ಕೇಳಿಸುವ ಆ್ಯಪ್ ಹಾಕಿಕೊಟ್ಟಳು. "ಇದನ್ನ ಒತ್ತಿದ್ರೆ ಸಾಕಮ್ಮ, ಎಲ್ಲಾ ಅದೇ ಓದುತ್ತೆ." ಯಾವುದೋ ಊರಿನ ಯಾರದೋ ಗಂಭೀರ ದನಿ. ಮುನಿಶಾಮಪ್ಪ ಎರಡು ದಿನ ಕೇಳಿದ. ಮೂರನೆಯ ದಿನ ಮೊಬೈಲನ್ನು ಪಕ್ಕಕ್ಕೆ ಸರಿಸಿ, ಮತ್ತೆ ಪುಸ್ತಕವನ್ನೇ ಹೆಂಡತಿಯ ಕಡೆಗೆ ತಳ್ಳಿದ.

ಆಗ ಅವಳಿಗೆ ನೆನಪಾದವರು ಹಿಂದಿನ ಬೀದಿಯ ರಾಧಮ್ಮ. ಸರ್ಕಾರಿ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತರಾದವರು. ಅವರ ಮನೆಯ ಕಾಂಪೌಂಡು ಕಟ್ಟಿದ್ದು ಮುನಿಶಾಮಪ್ಪನೇ. ಗಣೇಶನ ಹಬ್ಬ ಮುಗಿದ ವಾರ, ಆ ದಿನದ ಕೆಲಸ ಮುಗಿಸಿಕೊಂಡು ನೇರವಾಗಿ ಅವರ ಗೇಟಿನ ಹತ್ತಿರ ಹೋಗಿ ನಿಂತಳು.

"ಟೀಚರಮ್ಮ, ನಂಗೆ ಓದಕ್ಕೆ ಕಲಿಸ್ತೀರಾ?"

ರಾಧಮ್ಮ ಕನ್ನಡಕ ಸರಿಮಾಡಿಕೊಂಡರು. "ಈಗ ನಿನಗೆ ವಯಸ್ಸೆಷ್ಟಮ್ಮ?"

"ಐವತ್ತಾರು ಅಂತ ಆಧಾರಲ್ಲಿದೆ."

"ಏನು ಓದಬೇಕು ಅಂತಿದೀಯ?"

ಅಮ್ಮಾಜಮ್ಮ ಚೀಲದಿಂದ ಪುಸ್ತಕ ತೆಗೆದು ತೋರಿಸಿದಳು. "ನಮ್ಮೋರು ದಿನಾ ನಂಗೆ ಓದಿ ಹೇಳೋರು. ಈಗ ಅವರಿಗೆ ಓದಿ ಹೇಳಬೇಕು."

ರಾಧಮ್ಮನವರ ಮನೆಯೊಳಗೆ ದೇವರ ಮುಂದೆ ದೀಪ ಉರಿಯುತ್ತಿತ್ತು. ಅವರು ಆ ಪುಸ್ತಕವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಟೇಬಲ್ಲಿನ ಮೇಲಿಟ್ಟರು. "ಮೊದಲು ಇದಲ್ಲ. ಮೊದಲು ಸ್ಲೇಟು" ಎಂದರು.

ಹೆಸರು ಬರೆಯುವುದರಿಂದ ಶುರುವಾಯಿತು. "ಅಯ್ಯೋ, ನಿನ್ನ ಹೆಸರಲ್ಲೇ ಎರಡು ಒತ್ತಕ್ಷರ ಇದೆಯಲ್ಲಮ್ಮ" ಎಂದು ರಾಧಮ್ಮ ನಕ್ಕರು. ಅಮ್ಮಾಜಮ್ಮನಿಗೆ ನಗು ಬರಲಿಲ್ಲ. ಕೂದಲಿಗಿಂತ ಸಣ್ಣ ಎಳೆಯನ್ನು ನೀರಿನೊಳಗಿಂದ ಎತ್ತುವ ಬೆರಳಿಗೆ ಒಂದು ಬಳಪ ಹಿಡಿಯಲು ಬರಲಿಲ್ಲ. ಪ ಬರೆದರೆ ವ ಆಗುತ್ತಿತ್ತು. ಮ ಯಾವುದು ಯ ಯಾವುದು ಎಂದು ಕಣ್ಣು ಕಲಸಿಕೊಳ್ಳುತ್ತಿತ್ತು. ದಿನಾ ಸಂಜೆ ಅರ್ಧ ಗಂಟೆ. ಮನೆಯಲ್ಲಿ ಕಾಯುತ್ತಿದ್ದ ಗಂಡನಿಗೆ ಅವಳು ಏನೂ ಹೇಳಿರಲಿಲ್ಲ. ಕಲಿಯುತ್ತೇನೋ ಇಲ್ಲವೋ, ಸುಮ್ಮನೆ ಆಸೆ ಹುಟ್ಟಿಸುವುದು ಯಾಕೆ ಎಂದು.

ಡಿಸೆಂಬರಿನಲ್ಲಿ ಅವಳು ಜ್ವರ ಬಂದು ಹನ್ನೆರಡು ದಿನ ಮಲಗಿದಳು. ಎದ್ದು ಸ್ಲೇಟು ಹಿಡಿದರೆ ಅರ್ಧಕ್ಕರ್ಧ ಅಕ್ಷರ ಮರೆತುಹೋಗಿತ್ತು.

"ಸಾಕು ಟೀಚರಮ್ಮ" ಎಂದಳು. "ನಂಗೆ ತಲೆಗೆ ಹತ್ತಲ್ಲ. ನಿಮ್ಮ ಹೊತ್ತು ಯಾಕೆ ಹಾಳು ಮಾಡಲಿ?"

ರಾಧಮ್ಮ ಸ್ಲೇಟು ಒರೆಸಿ ಅವಳ ಮುಂದಿಟ್ಟರು. "ಮೂವತ್ತೊಂದು ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದೀನಿ. ಮರೀದೇ ಕಲಿತ ಮಗು ಒಂದನ್ನೂ ನಾನು ನೋಡಿಲ್ಲ. ಮರ್ತಿದೀಯ ಅಂದ್ರೆ ಕಲಿತಿದ್ದೆ ಅಂತ ತಾನೇ? ಕೂತ್ಕೊ."

ಅವಳು ಕೂತಳು. ಎರಡನೆಯ ಸಲ ಅಕ್ಷರಗಳು ಬೇಗ ಬಂದವು. ಒಂದು ಸಂಜೆ ಬಸ್ ಸ್ಟ್ಯಾಂಡಿನ ಹತ್ತಿರ ನಿಂತಿದ್ದಾಗ, ಎದುರಿಗೆ ಬಂದ ಬಸ್ಸಿನ ಬೋರ್ಡು ತಾನಾಗಿ ಬಾಯಿಗೆ ಬಂತು: ತೊಂಡೇಬಾವಿ. ಆ ಬಸ್ಸಿಗೂ ಅವಳಿಗೂ ಏನೂ ಸಂಬಂಧ ಇರಲಿಲ್ಲ. ಆದರೂ ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡುತ್ತಾ ನಿಂತಳು.

ಫೆಬ್ರವರಿಯ ಒಂದು ಭಾನುವಾರ ಮಧ್ಯಾಹ್ನ, ಊಟವಾದ ಮೇಲೆ, ಅವಳು ಕೈ ತೊಳೆದುಕೊಂಡು ಬಂದು ಗಂಡನ ಮಂಚದ ಪಕ್ಕ ಕೂತಳು. ಪುಸ್ತಕವನ್ನು ತನ್ನ ತೊಡೆಯ ಮೇಲೆ ತೆರೆದಳು. ಮುನಿಶಾಮಪ್ಪ ಅವಳ ಮುಖ ನೋಡಿದ, ಪುಸ್ತಕ ನೋಡಿದ.

"ತಪ್ಪಾದ್ರೆ ನಗಬೇಡಿ" ಎಂದಳು.

ರಾಧಮ್ಮನವರ ಜೊತೆ ಆರಿಸಿ ಗುರುತು ಹಾಕಿಟ್ಟುಕೊಂಡಿದ್ದ ಭಾಗ ಅದು. ಕಷ್ಟದಿಂದ ತಾಳ್ಮೆ ಹುಟ್ಟುತ್ತದೆ, ತಾಳ್ಮೆಯಿಂದ ಮನುಷ್ಯ ಗಟ್ಟಿಯಾಗುತ್ತಾನೆ, ಅದರಿಂದ ಮುಂದೆ ಇನ್ನೊಂದು ಹುಟ್ಟುತ್ತದೆ ಎಂದು ಸಾಗುವ ಮಾತು. ಮುನಿಶಾಮಪ್ಪ ಅದನ್ನು ನೂರಾರು ಸಲ ಓದಿದ್ದ. ಅವಳು ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು, ಜೋಡಿಸಿ, ಉಸಿರು ತೆಗೆದುಕೊಂಡು ಓದಿದಳು. ಕೊನೆಗೆ ಒಂದು ಉದ್ದನೆಯ ಪದ ಬಂತು. ಅದರ ಬಾಲ ಗೊತ್ತಾಯಿತು: ರೀಕ್ಷೆ. ಶಾಲೆಗೆ ಹೋಗುವ ರೂಪಳ ಮಗಳು ಫೋನಿನಲ್ಲಿ ದಿನಾ ಹೇಳುವ ಪದ ಅಲ್ಲವೇ? ಪದದ ತಲೆಯತ್ತ ಅವಳು ನೋಡಲೇ ಇಲ್ಲ.

"ಪರೀಕ್ಷೆ" ಎಂದು ಓದಿದಳು.

ಮುನಿಶಾಮಪ್ಪ ಎಡಗೈಯಿಂದ ಮಂಚದ ಪಟ್ಟಿ ತಟ್ಟಿದ.

"ಪರೀಕ್ಷೆ" ಎಂದಳು ಮತ್ತೆ, ಗಟ್ಟಿಯಾಗಿ.

"ನಿ..." ಎಂದಿತು ಒಂದು ದನಿ. "ನಿ... ನಿರೀಕ್ಷೆ."

ಅವಳು ಬಗ್ಗಿ ನೋಡಿದಳು. ಹೌದು, ಪ ಅಲ್ಲ, ನಿ. "ಹೌದಲ್ಲ, ನಿರೀಕ್ಷೆ" ಎಂದು ತಿದ್ದಿಕೊಂಡು, ಪಾಠ ಒಪ್ಪಿಸುವವಳ ಹಾಗೆ ಮುಂದಿನ ಸಾಲಿಗೂ ಹೋದಳು. ಮೂರು ಪದ ದಾಟಿದ ಮೇಲೆ ಬೆರಳು ನಿಂತಿತು. ಈಗ ತನ್ನನ್ನು ತಿದ್ದಿದವರು ಯಾರು?

ತಲೆಯೆತ್ತಿದರೆ ಮುನಿಶಾಮಪ್ಪನ ಎಡಗಣ್ಣಿನಿಂದ ನೀರು ಕಿವಿಯತ್ತ ಇಳಿಯುತ್ತಿತ್ತು. ಅವನಿಗೂ ಆಗಲೇ ಗೊತ್ತಾದಂತಿತ್ತು. ಹೆದರಿದ ಮಗುವಿನ ಹಾಗೆ ಮತ್ತೊಮ್ಮೆ ಪ್ರಯತ್ನಿಸಿ ನೋಡಿದ. "ನಿರೀಕ್ಷೆ" ಎಂದ. ಹೆಂಡತಿಯ ಕೈಯನ್ನು ಎಳೆದುಕೊಂಡು ಎದೆಯ ಮೇಲಿಟ್ಟುಕೊಂಡ. ಆಮೇಲೆ ಅವಳು ಸೆರಗಿನಿಂದ ಅವನ ಮುಖ ಒರೆಸಿ, ಉಳಿದ ನಾಲ್ಕು ಸಾಲನ್ನೂ ಓದಿ ಮುಗಿಸಿದಳು.

ಸಭೆಯವರಲ್ಲಿ ಕೆಲವರು ಅದನ್ನು ಅದ್ಭುತ ಎಂದರು. ಆಸ್ಪತ್ರೆಯ ಡಾಕ್ಟರು, ಬಾಯಿಪಾಠ ಬಂದ ಮಾತು ಕೆಲವರಿಗೆ ಹೀಗೆ ಹೊರಗೆ ಬರುವುದುಂಟು ಎಂದರು. ಅಮ್ಮಾಜಮ್ಮ ಇಬ್ಬರಿಗೂ ತಲೆಯಾಡಿಸಿದಳು. ಬಲಗೈ ಬರಲೇ ಇಲ್ಲ. ಮಾತು ಪೂರಾ ಬರಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ನೀರು, ಬಾ, ಸಾಕು, ರೂಪ ಎಂದು ಹತ್ತು ಹನ್ನೆರಡು ಪದ ಸೇರಿಕೊಂಡವು. ಕೋಲು ಹಿಡಿದು ಬಾಗಿಲವರೆಗೆ ನಡೆಯುವಂತಾದ.

ಅದೇ ವರ್ಷದ ಈಸ್ಟರ್ ಹಬ್ಬದ ದಿನ ರಮೇಶ್‌ಬಾಬು ವಾಕ್ಯ ಓದಲು, ಮತ್ತೆ ಸಭೆಗೆ ಬರತೊಡಗಿದ್ದ ಅಮ್ಮಾಜಮ್ಮನನ್ನು ಕರೆದರು. ಮುನಿಶಾಮಪ್ಪ ಮುಂದಿನ ಸಾಲಿನ ಕುರ್ಚಿಯಲ್ಲಿದ್ದ. ಬೇರೆಯವರು ಒಂದು ನಿಮಿಷದಲ್ಲಿ ಮುಗಿಸುವುದನ್ನು ಅವಳು ಆರೇಳು ನಿಮಿಷ ಓದಿದಳು. ಯಾರೂ ಅಲುಗಾಡಲಿಲ್ಲ. ಹೊರಗೆ ಬಂದಾಗ ಪೆದ್ದಮ್ಮ ಅವಳ ದಾರಿಗೆ ಅಡ್ಡ ನಿಂತಳು. "ಅವತ್ತು ನಾನು ಹಂಗನ್ನಬಾರದಿತ್ತು ಕಣೇ" ಎಂದಳು, ನೆಲ ನೋಡುತ್ತಾ. ಅಮ್ಮಾಜಮ್ಮನಿಗೆ ಆ ಮಾತು ಇನ್ನೂ ನೋಯುತ್ತಿತ್ತು. ಆದರೂ ಮುದುಕಿಯ ಕೈ ಹಿಡಿದು ಮೆಟ್ಟಿಲು ಇಳಿಸಿದಳು.

ಈಗ ಅದಾಗಿ ಮೂರು ವರ್ಷ. ದಿನಾ ಬೆಳಿಗ್ಗೆ ಮುದ್ದೆಗೆ ಎಸರಿಟ್ಟು, ನೀರು ಕುದಿಯುವಷ್ಟರಲ್ಲಿ ಅವಳು ಒಂದು ಪುಟ ಓದುತ್ತಾಳೆ. ಮುನಿಶಾಮಪ್ಪ ಕಣ್ಣು ಮುಚ್ಚಿ ಕೇಳುತ್ತಾನೆ. ಅವಳು ತಪ್ಪಿದರೆ ಮಂಚದ ಪಟ್ಟಿ ತಟ್ಟುತ್ತಾನೆ. ತಟ್ಟುವುದು ಈಗ ಕಡಿಮೆಯಾಗಿದೆ. ಕೆಲವು ದಿನ ಕೇಳುತ್ತಾ ಕೇಳುತ್ತಾ ಅವನಿಗೆ ಜೋಂಪು ಹತ್ತುತ್ತದೆ. ಅವಳು ನಿಲ್ಲಿಸುವುದಿಲ್ಲ. ದನಿ ತಗ್ಗಿಸಿಕೊಂಡು, ಸಾಲು ಮುಗಿಯುವವರೆಗೆ ತನಗಾಗಿ ಓದಿಕೊಳ್ಳುತ್ತಾಳೆ. ಆಮೇಲೆ ಎದ್ದು ಹಿಟ್ಟು ಹಾಕುತ್ತಾಳೆ.