ಗೋಡೆಯೊಳಗಿನ ತೆಂಗಿನಕಾಯಿ

“ಹಿಂದ ಯಾರ್ರಿ ಅದು, ತಲಿ ಅಲ್ಲಾಡಿಸೋರು?” ಎಂದು ಫೋನಿನೊಳಗಿನ ಮೇಡಂ ಕೇಳಿದರು.

“ನಮ್ಮ ಗೌರಿ ರೀ ಮೇಡಂ, ಭಾಳ ಸಾಧು,” ಎಂದಳು ನನ್ನ ತಂಗಿ. ಗೌರಿ ನಮ್ಮ ಎಮ್ಮೆ. ತಂಗಿ ಇಸ್ತ್ರಿ ಸೀರೆ ಉಟ್ಟು, ಕೊಟ್ಟಿಗೆಯಲ್ಲಿ ಬುಟ್ಟಿ ಬೋರಲು ಹಾಕಿ ಕುಳಿತು, ಟೀಚರ್ ಕೆಲಸಕ್ಕೆ ಸಂದರ್ಶನ ಕೊಡುತ್ತಿದ್ದಳು. ಅಷ್ಟರಲ್ಲಿ ಗೌರಿ ಫೋನನ್ನೇ ನೆಕ್ಕಿತು. ಮಾತು ಕಡಿದುಹೋಯಿತು.

ಕಿಟಕಿಯಲ್ಲಿ ನೋಡುತ್ತಿದ್ದ ನನಗೆ ನಗು ಬರಲಿಲ್ಲ. ಸಂಡೂರಿನ ನಮ್ಮ ಮನೆಯ ಗೋಡೆಗಳು ಎರಡು ಮೊಳ ದಪ್ಪ. ವೈಫೈ ಹಾಕಲು ಬಂದವರು, ಒಂದು ಗೋಡೆ ಕೊರೆದು ಪೆಟ್ಟಿಗೆಯನ್ನು ನಡುಮನೆಯಲ್ಲಿಟ್ಟರೆ ಎಲ್ಲರಿಗೂ ಸಿಗುತ್ತದೆ ಎಂದಿದ್ದರು. ನನಗೋ ಮಂಚದ ಮೇಲೆ ಮಲಗಿ ಕುಸ್ತಿ ನೋಡಬೇಕಿತ್ತು. “ಆ ಗ್ವಾಡಿಯೊಳಗ ನಮ್ಮಜ್ಜ ದೇವರ ಕಾಯಿ ಇಟ್ಟು ಕಟ್ಯಾನ, ಕೊರಿಬ್ಯಾಡ್ರಿ,” ಎಂದು ಸುಳ್ಳು ಹೇಳಿದೆ. ಪೆಟ್ಟಿಗೆ ನನ್ನ ಕೋಣೆಗೆ ಬಂತು; ಆ ಕೋಣೆಯನ್ನು ನಾನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ನನ್ನ ಬಿಟ್ಟರೆ ಸಿಗ್ನಲ್ ಸಿಗುತ್ತಿದ್ದುದು ಕಿಟಕಿಯಾಚೆ ಕೊಟ್ಟಿಗೆಯಲ್ಲಿದ್ದ ಗೌರಿಗೆ ಮಾತ್ರ. ತಂಗಿ ಅಂದಿನಿಂದ ಆ ಗೋಡೆಗೆ ದಿನಾ ಊದಿನಕಡ್ಡಿ ಬೆಳಗುತ್ತಿದ್ದಳು.

ಈಗ ಅವಳು ಸೆರಗಿನಿಂದ ಫೋನು ಒರೆಸುತ್ತ, “ನೀ ಯಾಕ ಮಾರಿ ಸಣ್ಣ ಮಾಡ್ತಿ ಅಣ್ಣಾ? ದೇವರಿರೋ ಗ್ವಾಡಿ ಕೊರಿಯಾಕ ಬರತೈತೇನು?” ಎಂದು ನನ್ನನ್ನೇ ಸಮಾಧಾನ ಮಾಡಿದಳು.

ಸೋಮವಾರ ಮತ್ತೆ ಮಾತಾಡೋಣ ಎಂದು ಮೇಡಂ ಸಂದೇಶ ಕಳಿಸಿದರು. ಅಜ್ಜ ಕನಸಿನಲ್ಲಿ ಬಂದು ಒಪ್ಪಿದನೆಂದು ಇನ್ನೊಂದು ಸುಳ್ಳು ಹೇಳಿ ಮರುದಿನವೇ ಗೋಡೆ ಕೊರೆಸಿದೆ. ಅವಳಿಗೆ ಕೆಲಸ ಸಿಕ್ಕಿತು.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅವಳ ಎದುರು ನಿಂತು ನಿಜ ಹೇಳಲಾರದೆ ಈ ಪೇಪರಿಗೆ ಬರೆದಿದ್ದೇನೆ. ನಮ್ಮ ಮನೆಯಲ್ಲಿ ಪೇಪರನ್ನು ಮೊದಲು ಓದುವವಳು ಅವಳೇ. ಇದು ಅಚ್ಚಾದ ದಿನ ನಾನು ಊಟಕ್ಕೆ ಮನೆಗೆ ಹೋಗುವುದಿಲ್ಲ.