ಪಿಕಪ್ಪಿಗೆ ಸೊಂಡಿಲು ಹಾಕಿಸಿದವಳು ನಾನು

ಭವ್ಯ, ಕಿರಣ — ಆ ಪಿಕಪ್ಪನ್ನು ಹಾಗೆ ಮಾಡಿಸಿದ್ದು ನಿಮ್ಮ ಅಪ್ಪ ಅಲ್ಲ. ನಾನು.

ಎಮ್ಮೆಯ ಹೊಟ್ಟೆಯಂಥ ಟೈರು, ಮೇಲಕ್ಕೆತ್ತಿದ ಮೈ, ಮುಂದೆ ಕಬ್ಬಿಣದ ಬಂಪರು, ಅದರೊಳಗೆ ತಂತಿಹಗ್ಗ ಸುತ್ತಿದ ವಿಂಚು, ತಲೆಯ ಮೇಲೆ ಸಾಲು ಲೈಟು, ಪಕ್ಕದಲ್ಲಿ ಆನೆಯ ಸೊಂಡಿಲಿನ ಹಾಗೆ ಮೇಲೆದ್ದ ಆ ಕರಿ ಕೊಳವೆ — ಒಂದೊಂದಕ್ಕೂ ಹೂಂ ಎಂದು ತಲೆಯಾಡಿಸಿದವಳು ನಾನು. ನಿಮ್ಮ ಅಪ್ಪ ಒಂದಕ್ಕೂ ಹೂಂ ಅನ್ನಲಿಲ್ಲ. ಇಷ್ಟು ವರ್ಷ ಊರು ಅವರನ್ನು ನೋಡಿ ನಕ್ಕಿತು. ನನ್ನ ಮಗಳು ಸುಜಾತ, ಅಂದರೆ ನಿಮ್ಮ ಅಮ್ಮ, ಅವರ ಕೈಯಿಂದ ಗಾಡಿಯ ಕೀ ಕಿತ್ತುಕೊಂಡಳು. ನೀವಿಬ್ಬರೂ ಆ ಕತೆ ಹೇಳಿಕೊಂಡೇ ದೊಡ್ಡವರಾದಿರಿ. ನಾನು ಮೂಲೆಯಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೇಳುತ್ತಿದ್ದೆ — ಕೇಳಿ ನಿಮ್ಮ ಜೊತೆ ನಗುತ್ತಲೂ ಇದ್ದೆ. ಅದನ್ನೂ ಒಪ್ಪಿಕೊಂಡುಬಿಡುತ್ತೇನೆ.

ಬಾಯಲ್ಲಿ ಹೇಳಬೇಕಿತ್ತು. ನಾಲ್ಕು ಜನ ಎದುರಿಗಿದ್ದರೆ ನನ್ನ ಮಾತು ಗಂಟಲಿನಿಂದ ಈಚೆ ಬರುವುದಿಲ್ಲ ಎನ್ನುವುದು ನಿಮಗೆ ಗೊತ್ತಿದೆ. ಹಾಳೆ ನನ್ನ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ರೂಢಿ ನಮ್ಮಲ್ಲಿ ಇರಲಿಲ್ಲ. ಸುಜಾತಳನ್ನು ನನ್ನ ತಮ್ಮನಿಗೋ ನಾದಿನಿಯ ಮಗನಿಗೋ ಕೊಟ್ಟಿದ್ದರೆ ಆ ಮಾತು ಬೇರೆ. ಕೈಯಲ್ಲಿ ಎತ್ತಿ ಆಡಿಸಿದ ಮಕ್ಕಳ ಎದುರು ಎಂಥ ನಾಚಿಕೆ? ನಿಮ್ಮ ಅಪ್ಪ ಆವನಿ ಕಡೆಯವರು, ಹೊಸ ಸಂಬಂಧ. ನಿಮ್ಮ ತಾತ ಹೋದ ಮೇಲೆ ಮಾವಿನ ತೋಟ ನೋಡಿಕೊಳ್ಳಲು ಗಂಡಸರಿಲ್ಲವೆಂದು ನಮ್ಮೂರು ಯಲ್ದೂರಿಗೇ ಬಂದು ನಿಂತರು. ಒಂದೇ ಸೂರಿನ ಕೆಳಗೆ ಅವರು ಜಗಲಿಯಲ್ಲಿ, ನಾನು ಬಾಗಿಲ ಹಿಂದೆ. ಮಾತೆಲ್ಲ ನಿಮ್ಮ ಅಮ್ಮನ ಮೂಲಕ. ಅವಳಿಲ್ಲದಾಗ ನಿಮ್ಮ ಮೂಲಕ. ನೀವೂ ಇಲ್ಲದಾಗ ಕರುವಿನ ಮೂಲಕ. “ಮುದ್ದೆ ಆಯ್ತು ಕಣೇ” ಎಂದು ನಾನು ಕರುವಿಗೆ ಹೇಳುತ್ತಿದ್ದೆ. “ಕಾಲು ತೊಳ್ಕೊಂಡು ಬಂದೆ ಅಂತ ಹೇಳೇ” ಎಂದು ಅವರೂ ಅದಕ್ಕೇ ಹೇಳುತ್ತಿದ್ದರು. ಆ ಕರು ನಮ್ಮ ಮನೆಯ ವ್ಯವಹಾರವನ್ನೆಲ್ಲ ಕೇಳಿಸಿಕೊಂಡು ಹಸುವಾಯಿತು. ಈಗ ಅದರ ಮಗಳು ಕೇಳುತ್ತಿದ್ದಾಳೆ.

ಆ ವರ್ಷ ಬಾದಾಮಿ ಮಾವು ಕೀಳುವ ಹೊತ್ತಿಗೇ ಮಳೆ ಹಿಡಿಯಿತು. ತೋಟದಿಂದ ರಸ್ತೆಗೆ ಬರುವ ದಾರಿಯಲ್ಲಿ, ಹಳ್ಳ ದಾಟುವ ಕಡೆ, ತುಂಬಿದ ಪಿಕಪ್ಪು ಅಚ್ಚಿನವರೆಗೆ ಹೂತುಹೋಯಿತು. ಶ್ರೀನಿವಾಸಪುರದ ಮಂಡಿಯಲ್ಲಿ ಹರಾಜಿನ ಹೊತ್ತು ಮೀರುತ್ತಿತ್ತು. ಪಕ್ಕದ ತೋಟದ ಚೌಡಪ್ಪ ಟ್ರ್ಯಾಕ್ಟರು ತಂದು, ಹಗ್ಗ ಕಟ್ಟಿ ಎಳೆದ. ಎಳೆದವನು ಸುಮ್ಮನೆ ಹೋಗಬಾರದೇ? ಕೂಲಿಯವರೆಲ್ಲ ನಿಂತಿದ್ದ ಹಾಗೇ ಕೂಗಿ ಹೇಳಿದ —

“ಏನ್ ಮುನಿರಾಜು, ನಿಮ್ಮ ಗಾಡೀನೂ ಮನೆಅಳಿಯ ಆಗೋಯ್ತಾ? ಕೂತ ಜಾಗ ಬಿಟ್ಟು ಏಳಾಕೇ ಒಲ್ಲೆ ಅಂತೈತಲ್ಲಪ್ಪ!”

ಎಲ್ಲರೂ ನಕ್ಕರು. ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತಿದ್ದ ನಿಮ್ಮ ಅಪ್ಪನೂ ನಕ್ಕರು. ಮರದ ಕೆಳಗೆ ನಿಂತಿದ್ದ ನನಗೆ ಮೈ ಉರಿದುಹೋಯಿತು. ಇನ್ನು ಮೇಲೆ ನಮ್ಮ ಗಾಡಿ ಯಾರ ಹಗ್ಗಕ್ಕೂ ಕಾಯಬಾರದು ಎಂದುಕೊಂಡೆ. ಅಳಿಯಂದಿರ ಮಾನ ಕಾಪಾಡಲು ಹೊರಟೆ ಎಂದು ಇಲ್ಲಿಗೇ ನಿಲ್ಲಿಸಿದರೆ ಕತೆ ಬಹಳ ಚೆನ್ನಾಗಿರುತ್ತದೆ. ಅದು ಅರ್ಧ ನಿಜ.

ತೋತಾಪುರಿ ಕೀಳುವುದಕ್ಕೆ ಇನ್ನೂ ಸಮಯವಿತ್ತು. ಗಾಡಿಗೆ ಒಳ್ಳೆಯ ಟೈರು ಹಾಕಿಸಿ ತರಲಿ, ನನಗೂ ಕೋಲಾರದಲ್ಲಿ ಕಣ್ಣು ತೋರಿಸಬೇಕು, ಜೊತೆಗೆ ಹೋಗುತ್ತೇನೆ ಎಂದು ಸುಜಾತಳ ಮೂಲಕ ಹೇಳಿಸಿದೆ. ಹಳೇ ಅಡುಗೆಮನೆ ಕೆಡವಿ ಹೊಸದು ಕಟ್ಟಿಸಲು ಕೂಡಿಟ್ಟಿದ್ದ ಹಣ ನನ್ನ ಪೆಟ್ಟಿಗೆಯಲ್ಲಿತ್ತು. ಅದನ್ನು ಸೆರಗಿನಲ್ಲಿ ಕಟ್ಟಿಕೊಂಡೆ — ಅಷ್ಟನ್ನೂ. ಟೈರಿಗೆ ಅಷ್ಟು ಬೇಕಾಗುವುದಿಲ್ಲ ಎಂದು ನನಗೆ ತಿಳಿಯದೆ ಇರಲಿಲ್ಲ. ಹಾಗಿದ್ದರೆ ಯಾಕೆ — ಯಾಕೆ ಎಂದು ನೀವು ಕೇಳುತ್ತೀರಿ. ನಾನೂ ಕೇಳಿಕೊಂಡಿದ್ದೇನೆ.

ಹೆದ್ದಾರಿಯ ಪಕ್ಕದಲ್ಲಿ ಅಫ್ಸರ್ ಎನ್ನುವವರ ಗ್ಯಾರೇಜು. ಬೆಂಗಳೂರಿನ ಹುಡುಗರು ಬೆಟ್ಟ ಹತ್ತಿಸುವ ಜೀಪುಗಳನ್ನು ಅಲ್ಲಿ ತಯಾರು ಮಾಡಿಸುತ್ತಿದ್ದರು. ನಿಮ್ಮ ಅಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತರು. ನಾನು ಪಿಕಪ್ಪಿನ ಹಿಂದೆ ನಿಂತೆ. ನಡುವೆ ಅಫ್ಸರ್. ಪಾಪ, ಅವರ ಕತ್ತು ಅತ್ತ ಇತ್ತ ತಿರುಗಿ ಸೋತಿತು.

“ಯಾರನ್ನ ಕೇಳ್ಲಿ ಸ್ವಾಮಿ ನಾನು?”

“ಅತ್ತೆಯವರನ್ನ ಕೇಳಿ” ಎಂದು ನಿಮ್ಮ ಅಪ್ಪ ಗೋಡೆಗೆ ಹೇಳಿದರು.

“ಅಳಿಯಂದಿರು ಹೇಳ್ದಂಗೆ” ಎಂದು ನಾನು ನನ್ನ ಚಪ್ಪಲಿಗೆ ಹೇಳಿದೆ. ಹೇಳುವಾಗ ತಲೆ ಮಾತ್ರ ಹೂಂ ಎಂದು ಆಡಿತು. ಅಫ್ಸರ್ ನನ್ನ ಮಾತು ಬಿಟ್ಟರು, ಆಡಿದ ತಲೆಯನ್ನೇ ಲೆಕ್ಕಕ್ಕೆ ಹಿಡಿದರು.

“ಅಮ್ಮಾ, ಈ ಟೈರು ಹಾಕಿದ್ರೆ ಕೆಸರಲ್ಲ, ಅಂತರಗಂಗೆ ಬೆಟ್ಟಾನೇ ಹತ್ತುತ್ತೆ. ಹಾಕ್ಲಾ?” ತಲೆಯಾಡಿಸಿದೆ. ದೊಡ್ಡ ಟೈರು ತಗುಲದ ಹಾಗೆ ಮೈ ಎತ್ತರಿಸಬೇಕು ಎಂದರು. ತಲೆಯಾಡಿಸಿದೆ. ನಿಮ್ಮ ಅಪ್ಪ ಒಂದು ಸಲ ಕೆಮ್ಮಿದರು. ಎಲ್ಲಾದರೂ ಸಿಕ್ಕಿಕೊಂಡರೆ ಮರಕ್ಕೆ ಹಗ್ಗ ಬಿಗಿದು ತನ್ನನ್ನು ತಾನೇ ಎಳೆದುಕೊಳ್ಳುವ ವಿಂಚು ಎಂದರು — ಚೌಡಪ್ಪನ ಮುಖ ಕಣ್ಣೆದುರು ಬಂತು, ಜೋರಾಗಿಯೇ ಆಡಿಸಿದೆ. ನಿಮ್ಮ ಅಪ್ಪ ಎರಡು ಸಲ ಕೆಮ್ಮಿದರು. ಆಮೇಲೆ ಆ ಕೊಳವೆ. “ಇದಿದ್ರೆ ಗಾಡಿ ನೀರಲ್ಲಿ ಮುಳುಗಿದ್ರೂ ಉಸಿರಾಡುತ್ತೆ ಅಮ್ಮಾ.” ನಮ್ಮ ಜಿಲ್ಲೆಯಲ್ಲಿ ಗಾಡಿ ಮುಳುಗಿಸುವಷ್ಟು ನೀರು ಬೇಕೆಂದರೆ ಅದನ್ನು ಬೋರ್‌ವೆಲ್ಲಿನೊಳಗೇ ಇಳಿಸಬೇಕು. ಆದರೂ ಹೂಂ ಎಂದೆ. ಸಾಲು ಲೈಟಿನ ಮಾತು ಬರುವ ಹೊತ್ತಿಗೆ ನಿಮ್ಮ ಅಪ್ಪನ ಕೆಮ್ಮು ಎಷ್ಟು ಹೆಚ್ಚಾಯಿತೆಂದರೆ ಅಫ್ಸರ್ ಗಾಬರಿಯಾಗಿ ನೀರು ತಂದುಕೊಟ್ಟರು.

ಒಂದೊಂದು ಕೆಮ್ಮೂ “ಬೇಡ” ಎನ್ನುವ ಮಾತೇ ಎಂದು ನನಗೆ ತಿಳಿಯಿತು. ಅಷ್ಟು ವರ್ಷ ಬಾಗಿಲ ಹಿಂದೆ ನಿಂತವಳಿಗೆ ಕೆಮ್ಮಿನ ಅರ್ಥ ಗೊತ್ತಾಗದೇ? ಸಂಕೋಚಕ್ಕೆ ಬೇಡ ಅನ್ನಲಾಗಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಅಫ್ಸರ್ ತಮ್ಮ ಫೋನಿನಲ್ಲಿ ಒಂದು ಪಟ ತೋರಿಸಿದ್ದರು. ಬಂಡೆಗಳ ನಡುವೆ ಅಂಥದೇ ಒಂದು ಗಾಡಿ, ಯಾರಿಗೂ ದಾರಿ ಬಿಡುವುದಿಲ್ಲ ಎನ್ನುವ ಹಾಗೆ ನಿಂತಿತ್ತು. ಎದುರಿಗೆ ಯಾರು ಬಂದರೂ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೇ ಬದುಕು ಕಳೆದವಳು ನಾನು. ಅದು ನನಗೆ ಬೇಕು ಅನ್ನಿಸಿತು. ಅಳಿಯಂದಿರಿಗಲ್ಲ, ತೋಟಕ್ಕಲ್ಲ — ನನಗೆ.

ಗಾಡಿ ತಯಾರಾದ ದಿನ ಮತ್ತೆ ಕಣ್ಣಿನ ನೆಪ ಹೇಳಿ ನಾನೂ ಹೋದೆ. ಹತ್ತಲು ಆಗಲಿಲ್ಲ. ಅಫ್ಸರ್ ಸ್ಟೂಲು ತಂದಿಟ್ಟರು, ಅದರ ಮೇಲೆ ಇನ್ನೊಂದು ಸ್ಟೂಲು. ಕೂತ ಮೇಲೆ — ಅಯ್ಯೋ, ಏನು ಹೇಳಲಿ. ಬಸ್ಸಿನವರು ನನಗೆ ಸಮನಾಗಿ ಕಂಡರು. ದಾರಿಯುದ್ದಕ್ಕೂ ಬೇಲಿಗಳ ಮೇಲಿಂದ ಬೇರೆಯವರ ಹಿತ್ತಲು, ಒಣಗಹಾಕಿದ ಸೀರೆ, ಮಾಡಿನ ಮೇಲಿನ ಕುಂಬಳಕಾಯಿ ಎಲ್ಲ ಕಂಡವು. ಯಾರೂ ನನ್ನನ್ನು ನೋಡುವ ಮೊದಲೇ ನಾನು ಅವರನ್ನು ನೋಡಿದೆ. ಊರು ಬರುವವರೆಗೆ ಅಷ್ಟು ಸುಖ.

ಮನೆಯ ಮುಂದೆ ನಿಂತಾಗ ಸುಜಾತ ಹೊರಗೆ ಬಂದಳು. ಗಾಡಿಯ ಸುತ್ತ ಒಂದು ಸುತ್ತು ಬಂದಳು.

“ಏನ್ರೀ ಇದು? ಮಾವಿನಕಾಯಿ ಹೊರೋ ಗಾಡಿನಾ, ಗಡಿ ಕಾಯೋ ಗಾಡಿನಾ?”

ನಾನು ಅಷ್ಟರಲ್ಲಿ ಇಳಿದು, ಒಳಗೆ ಹೋಗಿ, ಬಾಗಿಲ ಹಿಂದಿನ ನನ್ನ ಜಾಗ ಸೇರಿದ್ದೆ.

“ಅಡುಗೆಮನೆ ದುಡ್ಡಲ್ಲೇನ್ರೀ? ಅಮ್ಮನ್ನ ಮರುಳು ಮಾಡಿ ಈಸ್ಕೊಂಡ್ರಾ? ಅವಳಿಗೇನ್ ಗೊತ್ತಾಗುತ್ತೆ, ಪಾಪ!” ಆಮೇಲೆ ನನ್ನ ಕಡೆ ತಿರುಗಿದಳು. “ಅಮ್ಮಾ, ನೀನಾದ್ರೂ ಬೇಡ ಅನ್ಬಾರ್ದಿತ್ತಾ?”

ಆಗ ನಾನು ಹೇಳಿದ ಮಾತು ಇದು —

“ನನಗೇನಮ್ಮ ಗೊತ್ತು. ಗಂಡಸರ ವಿಷಯ.”

ಅಷ್ಟೇ. ಒಂದು ಉಸಿರು. ನಿಮ್ಮ ಅಪ್ಪ ಒಂದು ಸಲ ಬಾಗಿಲ ಕಡೆ ನೋಡಿದರು. ಅತ್ತೆಯ ಮಾತಿಗೆ ಎದುರಾಡುವವರಲ್ಲ ಅವರು. ತಲೆ ತಗ್ಗಿಸಿದರು. ತಗ್ಗಿಸಿದ್ದನ್ನು ನೋಡಿ ಸುಜಾತ ತಪ್ಪು ಅವರದೇ ಎಂದು ತಿಳಿದಳು. ಅವರು ಎದುರಾಡುವುದಿಲ್ಲ ಎಂದು ನನಗೆ ಗೊತ್ತಿತ್ತು — ಗೊತ್ತಿದ್ದೇ ಆ ಮಾತು ಆಡಿದೆ.

ಉಳಿದದ್ದನ್ನು ನೀವೇ ಎಷ್ಟೋ ಸಲ ಹೇಳಿದ್ದೀರಿ. ತೋತಾಪುರಿ ತುಂಬುವ ದಿನ, ತಲೆಯ ಮೇಲಿನ ಕ್ರೇಟನ್ನು ಹಾಗೇ ಗಾಡಿಯೊಳಕ್ಕೆ ಜಾರಿಸುತ್ತಿದ್ದ ಹೆಂಗಸರು ಅದರ ಮುಂದೆ ನಿಂತರೆ ತಲೆಯೇ ಗಾಡಿಯ ಅಂಚಿಗೆ ಬರಲಿಲ್ಲ. “ಅಬ್ಬಾ, ಏಮಿ ಎತ್ತು ತಲ್ಲೀ!” ಎಂದು ವೆಂಕಟಮ್ಮ ತನ್ನ ತೆಲುಗಿನಲ್ಲಿ ಅದರ ಎತ್ತರಕ್ಕೆ ಬೆರಗಾಗಿ, ಕ್ರೇಟು ಕೆಳಗಿಟ್ಟು ಸೊಂಟ ಹಿಡಿದುಕೊಂಡಳು. “ಮರ ಹತ್ತಿ ಕಿತ್ತಿದ್ದಾಯ್ತು ಅಣ್ಣಾ, ಈಗ ಗಾಡಿ ಹತ್ತಾಕೂ ಏಣಿ ಹಾಕ್ತೀಯಾ?” ಹೊರೆ ಹೊರುವ ಗಾಡಿಯನ್ನು ಹೊರುವವರ ಕೈಗೆ ಎಟುಕದ ಹಾಗೆ ಮಾಡಿಸಿದ್ದೆ ನಾನು! ಕಡೆಗೆ ಚೌಡಪ್ಪನ ಟ್ರೈಲರನ್ನೇ ತಂದು ಪಕ್ಕದಲ್ಲಿ ನಿಲ್ಲಿಸಿ, ಮೊದಲು ಅದಕ್ಕೆ ತುಂಬಿ, ಅಲ್ಲಿಂದ ಇದಕ್ಕೆ ಎತ್ತಿಡಬೇಕಾಯಿತು. ಟ್ರೈಲರು ತುಂಬಿದ್ದನ್ನು ನೋಡಿ ಚೌಡಪ್ಪ, “ಇನ್ನ ಅದಕ್ಯಾಕ್ ಎತ್ತಾಕ್ತೀರಾ? ಹಿಂಗೇ ಮಂಡಿಗೆ ಹೊಡ್ಕೊಂಡು ಹೋಗ್ತೀನಿ ಬಿಡ್ರಿ” ಎಂದು ಹೊರಟೇಹೋದ. ನಮ್ಮ ಗಾಡಿ ಖಾಲಿಯಾಗಿ ಅವನ ಹಿಂದೆ ಹೋಯಿತು. ಆ ವರ್ಷ ಮತ್ತೆ ಮಳೆ ಬರಲಿಲ್ಲ. ಹಳ್ಳ ಒಣಗಿ ಬಿರುಕು ಬಿಟ್ಟಿತು. ಸೊಂಡಿಲು ಆಕಾಶ ನೋಡಿಕೊಂಡು ನಿಂತಿತ್ತು.

ಮಂಡಿಯಲ್ಲಿ ಅವರಿಗೆ ಸೊಂಡಿಲು ಮುನಿರಾಜು ಎಂದೇ ಹೆಸರಾಯಿತು. ಸುಜಾತ ಎಲ್ಲವನ್ನೂ ಬಿಚ್ಚಿಸಿದಳು. ಮಂಡಿಯ ಮಾತೂ ತೋಟದ ಮಾತೂ ಅವಳ ಕೈಗೆ ಹೋದವು. ಕಾಯಿ ಮುಟ್ಟಿ ನೋಡಿ ಯಾವತ್ತು ಕೀಳಬೇಕೆಂದು ಹೇಳುತ್ತಿದ್ದ ಮನುಷ್ಯ ಈಗ ಪಂಕ್ಚರ್ ಹಾಕಿಸಲೂ ಹೆಂಡತಿಯನ್ನು ಕೇಳಿ ಹೋಗುತ್ತಾರೆ. ಸುಜಾತಳನ್ನು ಬೈಯಬೇಡಿ. ಅವಳು ನಂಬಿದ್ದಕ್ಕೆ ತಕ್ಕ ಹಾಗೆ ನಡೆದಳು. ನಂಬಿಸಿದವಳು ನಾನು.

ಹಾಗಿದ್ದರೆ ಈಗ ಯಾಕೆ ಬರೆಯುತ್ತಿದ್ದೇನೆ? ಮೊನ್ನೆ ಭವ್ಯಳನ್ನು ನೋಡಲು ಮಾಲೂರಿನವರು ಬಂದಿದ್ದರಲ್ಲ, ಅವತ್ತಿನಿಂದ ಊಟ ಇಳಿಯುತ್ತಿಲ್ಲ. ಹುಡುಗ ಹುಡುಗಿ ಒಪ್ಪಿಕೊಂಡರು, ಎಲ್ಲರ ಮುಖವೂ ಅರಳಿತ್ತು. ನಿಮ್ಮ ಅಪ್ಪ ಅಪರೂಪಕ್ಕೆ ಬಾಯಿ ಬಿಟ್ಟು, “ಛತ್ರ ಯಾಕೆ, ತೋಟದಲ್ಲೇ ಚಪ್ಪರ ಹಾಕ್ಸಿದ್ರೆ ತಂಪಾಗಿರುತ್ತೆ” ಎಂದರು. ಕಿರಣ, ನೀನು ತಕ್ಷಣ, “ಅಪ್ಪನ ಕೈಗೆ ಬಿಟ್ರೆ ಚಪ್ಪರಕ್ಕೂ ಟೈರು ಹಾಕಿಸ್ತಾರೆ!” ಎಂದೆ. ಆಮೇಲೆ ಕತೆಯನ್ನು ಪೂರ್ತಿ ಹೇಳಿದೆ, ಸೊಂಡಿಲಿನ ಆಟವನ್ನು ಕೈಯೆತ್ತಿ ಮಾಡಿಯೂ ತೋರಿಸಿದೆ. ಬೀಗರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನಿಮ್ಮ ಅಪ್ಪನೂ ನಕ್ಕರು — ಕೆಸರಿನಲ್ಲಿ ನಿಂತು ನಕ್ಕ ಹಾಗೇ. “ಹಸೂಗೆ ನೀರು ಕುಡಿಸಿ ಬರ್ತೀನಿ” ಎಂದು ಎದ್ದು ಹೋದರು. ಹಸುವಿಗೆ ಆಗಲೇ ನೀರು ಕುಡಿಸಿ ಆಗಿತ್ತು. ಕುಡಿಸಿದವರೂ ಅವರೇ. ಅವರು ಅತ್ತ ಹೋಗುತ್ತಲೇ ಹುಡುಗನ ತಂದೆ ಸುಜಾತಳಿಗೆ, “ಹಂಗಾದ್ರೆ ಮದುವೆ ಮಾತೆಲ್ಲ ನಿಮ್ಮ ಹತ್ರಾನೇ ಆಡ್ತೀವಿ ಬಿಡಮ್ಮ” ಎಂದರು. ಮಗಳ ಮದುವೆಯ ಮಾತು, ತಂದೆ ಕೊಟ್ಟಿಗೆಯಲ್ಲಿ.

ನಾನು ಹಿಂದೆಯೇ ಕೊಟ್ಟಿಗೆಗೆ ಹೋದೆ. ಎದುರಿಗೇ ನಿಂತೆ. ಅವರು ಬೆಚ್ಚಿಬಿದ್ದರು, ಇಷ್ಟು ವರ್ಷದಲ್ಲಿ ನನ್ನ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು.

“ಸುಜಾತಂಗೆ ಹೇಳ್ತೀನಿ. ಎಲ್ಲಾ ನಾನೇ ಮಾಡಿಸಿದ್ದು ಅಂತ.”

“ಹೇಳ್ಬೇಡಿ ಅತ್ತೆ” ಎಂದರು. “ಈ ವಯಸ್ಸಲ್ಲಿ ಅವಳ ಕೈಲಿ ನೀವ್ಯಾಕೆ ಬೈಸ್ಕೋತೀರಾ. ನನಗೆ ಅಭ್ಯಾಸ ಆಗೋಗಿದೆ.” ಸ್ವಲ್ಪ ಹೊತ್ತು ಹಸುವಿನ ಬೆನ್ನು ಸವರಿದರು. ಆಮೇಲೆ ಮೆಲ್ಲಗೆ, “ಆದ್ರೆ ಆ ಲೈಟು ಮಾತ್ರ ಚೆನ್ನಾಗಿತ್ತು, ಅಲ್ವಾ ಅತ್ತೆ?” ಎಂದರು.

ನನಗೆ ನಗು ಬಂತು, ಜೊತೆಗೇ ಅಳುವೂ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಭ್ಯಾಸ ಆಗಿದೆ ಎಂದರಲ್ಲ — ಒಬ್ಬ ಮನುಷ್ಯನಿಗೆ ಅಂಥ ಅಭ್ಯಾಸ ಮಾಡಿಸಿಟ್ಟೆ. ಇದಕ್ಕೆ ನನ್ನ ಸಂಕೋಚವನ್ನಾಗಲಿ ಹಳೇ ರೂಢಿಯನ್ನಾಗಲಿ ಅಡ್ಡ ಹಿಡಿಯುವುದಿಲ್ಲ.

ಭಾನುವಾರ ಮಾಲೂರಿನವರು ಮಾತು ಗಟ್ಟಿ ಮಾಡಲು ಬರುತ್ತಾರೆ. ಅದಕ್ಕೆ ಮೊದಲು ಸುಜಾತಳಿಗೆ ಹೇಳಿರುತ್ತೇನೆ. ಅವಳು ಎಷ್ಟು ಬೈದರೂ ಬಾಗಿಲ ಹಿಂದೆ ಸರಿಯುವುದಿಲ್ಲ. ಅವರೆಲ್ಲ ಬಂದು ಕೂತಾಗ ನಾನೂ ಜಗಲಿಯಲ್ಲೇ ಕೂರುತ್ತೇನೆ, ನನ್ನ ಬಾಯಿಂದಲೇ ಹೇಳಲು ನೋಡುತ್ತೇನೆ. ಗಂಟಲು ಕಟ್ಟಿತೆಂದರೆ, ಕಿರಣ, ಈ ಹಾಳೆಗಳನ್ನು ನೀನು ಓದು. ಮೊನ್ನೆ ಹೇಳಿದೆಯಲ್ಲ, ಅದೇ ದನಿಯಲ್ಲಿ, ಅವರಿಗೆ ನಗು ಬರುವ ಹಾಗೆ ಓದು — ನಗಲಿ, ನನ್ನನ್ನು ನೋಡಿ ನಗಲಿ. ನನ್ನ ಮೇಲಿನ ಮರುಕಕ್ಕೆ ಒಂದು ಸಾಲನ್ನೂ ಬಿಡಬೇಡ. ಓದಿ ಮುಗಿದ ಮೇಲೆ, ಭವ್ಯ, ನೀನು ಎದ್ದು ತಾಂಬೂಲದ ತಟ್ಟೆಯನ್ನು ನಿಮ್ಮ ಅಪ್ಪನ ಮುಂದೆ ಇಡು.