ಮನೆ ನೋಡಿ ಹೆಸರು ಬರೆದವರು

ವಲಸೆ ಬಂದವರ ಹೆಸರು ದಾಖಲಿಸುವ ಕೆಲಸದಲ್ಲಿ ಮೂವತ್ತೆಂಟು ವರ್ಷ ಸವೆಸಿ ಈ ತಿಂಗಳು ನಿವೃತ್ತರಾಗುತ್ತಿರುವ ನೆಲೆ ಕಚೇರಿಯ ಹಿರಿಯ ಗುಮಾಸ್ತರಿಗೆ ಆ ಕ್ಷೇತ್ರದಲ್ಲಿ ಸಮನಾದವರು ವಿರಳ. ನೂರು ದಿನ ಒಂದು ಊರಿನಲ್ಲಿ ಬಾಳಿದವನು ಆ ಊರಿನವನೇ, ಹುಟ್ಟೂರಿನ ಕಾಗದ ಬೇಡ ಎಂದು ನೆಲೆ ಕಾಯ್ದೆ ಸಾರಿದಾಗ ಬೊಬ್ಬೆ ಹೊಡೆದ ದೊಡ್ಡ ಮನುಷ್ಯರಿಗೇನೂ ಕೊರತೆಯಿರಲಿಲ್ಲ. ಏಳು ಸರ್ಕಾರಗಳು ಬಂದುಹೋದವು, ಕಾಯ್ದೆ ಉಳಿಯಿತು. ಅದನ್ನು ಉಳಿಸಿದವರು ಭಾಷಣ ಬಿಗಿದವರಲ್ಲ, ಕೌಂಟರಿನ ಹಿಂದೆ ಕೂತ ಇಂಥವರು.

ಕಾಗದ ಕೇಳುವಂತಿಲ್ಲವಾದ್ದರಿಂದ ಅವರು ಮನೆಯಲ್ಲಿ ಕೆಟ್ಟಿರುವುದೇನೆಂದು ಕೇಳಿ, ಉತ್ತರವನ್ನು ಮನೆ ಮಾಲೀಕನ ಹೇಳಿಕೆಯೊಂದಿಗೆ ತಾಳೆ ನೋಡುತ್ತಿದ್ದರು. ಸೋರುವ ನಲ್ಲಿಯ ಸಂಗತಿ ವಾಸವಿದ್ದವರಿಗಲ್ಲದೆ ಯಾರಿಗೆ ಗೊತ್ತು?

ಕಳೆದ ವರ್ಷ ಒಂದು ಶುಕ್ರವಾರ ಒಬ್ಬ ರಿಪೇರಿಯವನು ತಾಯಿಯ ಕೈ ಹಿಡಿದು ಬಂದ. ತಾಯಿಯ ಎರಡೂ ಕಣ್ಣಿಗೆ ಪೊರೆ. ಸೋಮವಾರ ಈ ಊರ ಆಸ್ಪತ್ರೆಯಲ್ಲಿ ಆಪರೇಷನ್ನಿನ ಸರದಿ. ಹೆಸರು ದಾಖಲಾಗದಿದ್ದರೆ ಅದು ತಪ್ಪಿ ಇನ್ನೊಂದು ವರ್ಷ ಕತ್ತಲೆ.

"ಮನೇಲಿ ಏನು ಕೆಟ್ಟಿದೆಯಪ್ಪಾ?"

"ಏನೂ ಕೆಟ್ಟಿಲ್ಲ."

ಮಾಲೀಕನ ಹೇಳಿಕೆಯಲ್ಲಿ ನಲ್ಲಿ, ಮೆಟ್ಟಿಲು, ಚಿಲಕ ಮೂರೂ ಕೆಟ್ಟಿದ್ದವು. ಗುಮಾಸ್ತರು ವಾಸದ ಕಾಲಮಿನಲ್ಲಿ 'ಇಲ್ಲ' ಎಂದು ಬರೆದರು. ರಿಪೇರಿಯವನಿಗೆ ಸಿಟ್ಟು ನೆತ್ತಿಗೇರಿತು.

"ನಿಮ್ಮ ಕುರ್ಚಿ ಕಾಲೇ ಅಲ್ಲಾಡ್ತಿದೆ ಸಾಹೇಬ್ರೆ, ಮೊದ್ಲು ಅದನ್ನ ಬರ್ಕೊಳ್ಳಿ."

ಸಾಲಿನಲ್ಲಿದ್ದವರು ನಕ್ಕರು. ಅವನು ನಗಲಿಲ್ಲ.

'ಇಲ್ಲ' ಎಂದು ಬರೆದವರೇ ಏಳು ದಿನದೊಳಗೆ ಮನೆಗೆ ಹೋಗಿ ನೋಡಬೇಕೆಂಬುದು ಕಾಯ್ದೆ. ಬೇರೆ ಕಚೇರಿಗಳಲ್ಲಿ ಏಳನೆಯ ದಿನ ಸಂಜೆಯಾದರೂ ಯಾರೂ ಕುರ್ಚಿ ಬಿಟ್ಟೇಳುವುದಿಲ್ಲ. ಇವರು ಮರುದಿನ ರಜೆಯಾದರೂ ಬೆಳಿಗ್ಗೆಯೇ ಹೊರಟರು. ಮೆಟ್ಟಿಲಿಗೆ ಹೊಸ ಹಲಗೆ ಬಿದ್ದಿತ್ತು, ಚಿಲಕ ಸಲೀಸಾಗಿ ಜಾರಿತು, ನಲ್ಲಿಯ ಕೆಳಗೆ ಒಂದು ಹನಿಯಿಲ್ಲ.

"ನಾನು ಎಡವಬಾರದು ಅಂತ ಬಂದ ದಿನದಿಂದ ಇದೇ ಕೆಲ್ಸ ಇವನಿಗೆ," ಎಂದರು ತಾಯಿ. "ಈ ಮನೇಲಿ ಕೆಟ್ಟಿರೋದು ಅಂದ್ರೆ ಇನ್ನು ನನ್ನ ಕಣ್ಣೊಂದೇ ತಮ್ಮಾ."

ಗುಮಾಸ್ತರು ಚೀಲದಿಂದ ದಾಖಲೆ ಪುಸ್ತಕ ಹೊರತೆಗೆದರು. "ತಪ್ಪು ನಂದು ಕಣಪ್ಪ. ವಾಸ ಮಾಡೋನು ಸರಿ ಮಾಡ್ಕೋತಾನೆ ಅನ್ನೋದು ಇಷ್ಟು ವರ್ಷ ನಂಗೆ ಹೊಳೀಲೇ ಇಲ್ಲ."

ಅಲ್ಲೇ ಮೆಟ್ಟಿಲ ಮೇಲೆ ಕೂತು 'ಇಲ್ಲ' ಎಂಬುದನ್ನು ಹೊಡೆದುಹಾಕಿ, ಕೆಳಗೆ ತಮ್ಮ ತಪ್ಪನ್ನೂ ಬರೆದು ಸಹಿ ಹಾಕಿದರು. ಬೈಯಲು ಸಿದ್ಧಮಾಡಿಟ್ಟ ಮಾತೆಲ್ಲ ವ್ಯರ್ಥವಾಗಿ, ರಿಪೇರಿಯವನು ಕುಡಿಯಲು ನೀರು ತರಲೇ ಎಂದು ಕೇಳಿದ.

ಸೋಮವಾರ ಆಪರೇಷನ್ ಆಯಿತು. ಎರಡು ತಿಂಗಳಿಗೆ ತಾಯಿ ಚೀಲ ಕಟ್ಟಿ, ಹುಟ್ಟೂರಿಗೆ, ತಂಗಿಯ ಬಳಿಗೆ ಹೊರಟರು. ಇಷ್ಟೆಲ್ಲ ಒದ್ದಾಡಿದ್ದು ಇದಕ್ಕಾ ಎಂದು ಮಗ ರೇಗಿದ.

"ವಾಪಸ್ ಬರೋಕೆ ಯಾರ ಕಾಲೂ ಹಿಡೀಬೇಕಾಗಿಲ್ಲ ಅಂದ್ಮೇಲೆ ಹೋಗೋಕೇನು ಭಯ ನಂಗೆ?"

ಈ ಕಾಯ್ದೆಯ ಫಲವನ್ನು ಇದಕ್ಕಿಂತ ಚೆನ್ನಾಗಿ ಯಾವ ವಿದ್ವಾಂಸರೂ ಬರೆದಿಲ್ಲ. ಬಾಗಿಲು ಮುಚ್ಚೀತೆಂಬ ಭಯವಿದ್ದಲ್ಲಿ ಬಂದವರು ಒಳಗೇ ಮುದುಡಿ ಕೂರುತ್ತಾರೆ. ಇಲ್ಲಿ ಬರುತ್ತಾರೆ, ಹೋಗುತ್ತಾರೆ, ಮತ್ತೆ ಬರುತ್ತಾರೆ.

ನಿವೃತ್ತಿಯ ನಂತರವೂ ವಾರಕ್ಕೆರಡು ದಿನ ಹೊಸ ಗುಮಾಸ್ತರನ್ನು ಮನೆಮನೆಗೆ ಕರೆದೊಯ್ದು ಕಲಿಸಲು ಹಿರಿಯರು ಒಪ್ಪಿದ್ದಾರೆ. ಅವರ ಮೊಣಕಾಲು ಗಟ್ಟಿಯಾಗಿರಲಿ, ಆಯುಸ್ಸು ದೀರ್ಘವಾಗಲಿ. ಅಭಿನಂದನೆಯ ದಿನ ಆ ತಾಯಿಯೂ ಊರಿನಿಂದ ಬರುತ್ತಿದ್ದಾರೆ. ಗುಮಾಸ್ತರ ದನಿಯನ್ನಷ್ಟೇ ಅವರು ಬಲ್ಲರು, ಮುಖವನ್ನು ಇನ್ನೂ ನೋಡಿಲ್ಲ.